ಇಳಿಯುವ ದಿನಕ್ಕೂ ತಯಾರಿ ಬೇಕು

"ಹತ್ತೋದೇ ಕಷ್ಟ ಮೇಡಂ, ಇಳಿಯೋದೇನು ಬಿಡಿ!"

ಬಳ್ಳಾರಿಯ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಪ್ರತಿ ಚಳಿಗಾಲ ಈ ಮಾತು ಕೇಳುತ್ತೇನೆ. ಡಿಸೆಂಬರ್‌ನಲ್ಲಿ ಹಿಮಾಲಯಕ್ಕೆ ಹೊರಟವರು ಹೇಳುತ್ತಾರೆ. ಜನವರಿಯಲ್ಲಿ ಅವರೇ ಮೊಣಕಾಲು ಹಿಡಿದುಕೊಂಡು ಬರುತ್ತಾರೆ. ಎಷ್ಟು ಸಲ ಹೇಳೋದು ಅನ್ನಿಸುತ್ತದೆ.

ಕಳೆದ ವರ್ಷ ಒಬ್ಬ ಬ್ಯಾಂಕ್ ನೌಕರರು ಬಂದಿದ್ದರು. ವಯಸ್ಸು ಐವತ್ತೆರಡು. ದಿನಾ ಬೆಳಿಗ್ಗೆ ಸಪಾಟು ಮೈದಾನದಲ್ಲಿ ಆರು ಕಿಲೋಮೀಟರ್ ನಡೆಯುವವರು. ಮಗನ ಜೊತೆ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಟ್ರೆಕ್ ಹೋಗಿದ್ದರು. ಹತ್ತಲು ಶುರು ಮಾಡುವ ಸಾಂಕ್ರಿ ಊರು ಇರುವುದು ಸುಮಾರು 6,400 ಅಡಿಯಲ್ಲಿ, ಶಿಖರ 12,500 ಅಡಿ. ಎರಡೂವರೆ ದಿನ ಹತ್ತಿದ್ದನ್ನು ಒಂದೂವರೆ ದಿನದಲ್ಲಿ ಇಳಿದರು. ನಸುಕಿನಲ್ಲೇ ಎದ್ದು ತುದಿ ಮುಟ್ಟಿ, ಎದುರಿಗೆ ಸ್ವರ್ಗಾರೋಹಿಣಿ ಪರ್ವತವನ್ನು ನೋಡಿ ಕಣ್ಣೀರು ಬಂತಂತೆ. ಆ ಖುಷಿಯಲ್ಲಿ, ಬೆನ್ನ ಮೇಲೆ ಹತ್ತು ಕೆಜಿ ಬ್ಯಾಗು ಇದ್ದರೂ ಹುಡುಗರ ಸಮಕ್ಕೆ ದಡದಡ ಇಳಿದಿದ್ದಾರೆ. ಮರುದಿನ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯಬೇಕಾಯಿತು.

ಹತ್ತುವಾಗ ಏದುಸಿರು ಬರುತ್ತದೆ, ಹಾಗಾಗಿ ನಿಲ್ಲುತ್ತೇವೆ. ಇಳಿಯುವಾಗ ಉಸಿರು ಹಗುರ. ಕಾಲಿಗೂ ಆರಾಮ ಅಂದುಕೊಳ್ಳುತ್ತೇವೆ. ತಪ್ಪಾಗೋದೇ ಅಲ್ಲಿ.

ಮಾಳಿಗೆಯಿಂದ ಜೋಳದ ಚೀಲವನ್ನು ಹಗ್ಗ ಕಟ್ಟಿ ಕೆಳಗೆ ಬಿಟ್ಟಿದ್ದೀರಾ? ಚೀಲ ತಾನಾಗಿಯೇ ಇಳಿಯುತ್ತದೆ ನಿಜ. ಆದರೆ ದೊಪ್ಪನೆ ಬೀಳದಂತೆ ತಡೆದು ತಡೆದು ಬಿಡಬೇಕು, ಅಂಗೈ ಉರಿಯುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂದಿನ ಸ್ನಾಯು ಮಾಡುವುದು ಇದೇ ಕೆಲಸ. ಉದ್ದವಾಗುತ್ತಲೇ ಬಿಗಿ ಹಿಡಿದು, ಹೆಜ್ಜೆ ಹೆಜ್ಜೆಗೂ ಮೈಭಾರ ಮತ್ತು ಬ್ಯಾಗಿನ ಭಾರಕ್ಕೆ ಬ್ರೇಕ್ ಹಾಕುತ್ತದೆ. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ. ನೋವು ಅಂದೇ ತಿಳಿಯುವುದಿಲ್ಲ, ಒಂದೆರಡು ದಿನ ಕಳೆದ ಮೇಲೆ ಜೋರಾಗುತ್ತದೆ. ಸ್ನಾಯು ಸೋತ ಮೇಲೆ ಮೊಣಕಾಲಿನ ಮೇಲೆ ಹೊರೆ ಜಾಸ್ತಿ. ಸಪಾಟು ನೆಲದಲ್ಲಿ ಎಷ್ಟು ನಡೆದರೂ ಈ ಕೆಲಸಕ್ಕೆ ಸ್ನಾಯು ತಯಾರಾಗುವುದಿಲ್ಲ.

ಇಳಿದೇ ಅಭ್ಯಾಸ ಮಾಡಬೇಕು. ನಮಗೆ ಊರ ನಡುವೆಯೇ ಕೋಟೆ ಗುಡ್ಡ ಇದೆ ಅಲ್ವಾ? ಹೊರಡುವ ಒಂದೂವರೆ ತಿಂಗಳ ಮೊದಲಿನಿಂದ ವಾರಕ್ಕೆ ಎರಡು ದಿನ ಆ ಗುಡ್ಡದ ಮೆಟ್ಟಿಲು ಹತ್ತಿ. ಇಳಿಯುವಾಗ ಮಾತ್ರ ನಿಧಾನ, ಮೊಣಕಾಲು ತುಸು ಬಗ್ಗಿರಲಿ. ಬ್ಯಾಗಿನ ಭಾರ ಸ್ವಲ್ಪ ಸ್ವಲ್ಪವೇ ಏರಿಸಿ. ಟ್ರೆಕ್‌ನಲ್ಲಿ ಎರಡು ಕೋಲು ಹಿಡಿಯಿರಿ, ಇಳಿಯುವಾಗ ಅವುಗಳನ್ನು ತುಸು ಉದ್ದ ಮಾಡಿಕೊಳ್ಳಿ.

ಇದು ಎಲ್ಲರಿಗೂ ಒಂದೇ ಥರ ಹೊಂದುವುದಿಲ್ಲ. ಮೊಣಕಾಲು ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತಾದರೆ, ಒಮ್ಮೆಲೇ ಕೈಕೊಟ್ಟರೆ ಅದು ಬರೀ ಮೈಕೈ ನೋವಲ್ಲ. ಮೊದಲು ಡಾಕ್ಟರಿಗೆ ತೋರಿಸಿ.

ಆ ಬ್ಯಾಂಕಿನವರು ಈ ಸಲ ಮತ್ತೆ ಹೊರಟಿದ್ದಾರೆ. ಬ್ಯಾಗಿನಲ್ಲಿ ಆರು ಕೆಜಿ ಜೋಳ ತುಂಬಿಕೊಂಡು, ಮೆಟ್ಟಿಲು ಎಣಿಸುತ್ತಾ ಕೋಟೆ ಇಳಿಯುತ್ತಾರೆ. ಮಗ ಕೆಳಗೆ ಕಾಯುತ್ತಿರುತ್ತಾನೆ.