ಇವತ್ತು ಬರೆದದ್ದು ನಾಳೆ ಬೆಳಗ್ಗೆ ಕೈಗೆ ಬರಬೇಕು: ಬೇಸಿಗೆ ಇಂಗ್ಲಿಷ್ ತರಗತಿಯ ದಿನದ ಕೆಲಸ

ಹೈಸ್ಕೂಲ್ ಮಕ್ಕಳಿಗೆ ನಾಲ್ಕು ವಾರದ ಬೇಸಿಗೆ ಇಂಗ್ಲಿಷ್ ಕೋರ್ಸ್ ಇದೆ ಎಂದುಕೊಳ್ಳಿ. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ. ಎಲ್ಲ ಸೇರಿ 30 ಗಂಟೆ. ಇಷ್ಟರಲ್ಲಿ ವ್ಯಾಕರಣವನ್ನೆಲ್ಲ ಮುಗಿಸುತ್ತೇನೆ ಎಂದು ಹೊರಟವರು ಅರ್ಧ ದಾರಿಯಲ್ಲೇ ಕೈಚೆಲ್ಲುತ್ತಾರೆ. ಮಕ್ಕಳು ದಿನಾ ಸ್ವಲ್ಪ ಬರೆಯಬೇಕು, ಬರೆದದ್ದು ಮಾರನೆಯ ದಿನವೇ ಅವರ ಕೈಗೆ ಮರಳಬೇಕು. ಉಳಿದ ಚಟುವಟಿಕೆಗಳೆಲ್ಲ ಈ ಕೊಡು-ಕೊಳ್ಳುವಿಕೆಯ ಸುತ್ತ ನಿಲ್ಲಬೇಕು. ವರ್ಷವಿಡೀ ನಡೆಯುವ ತರಗತಿಯಲ್ಲಿ ನೋಟ್‌ಬುಕ್ ವಾರ ಬಿಟ್ಟು ವಾಪಸ್ ಬಂದರೂ ನಡೆದೀತು. ಇಲ್ಲಿ ಒಂದು ವಾರ ಎಂದರೆ ಕೋರ್ಸಿನ ಕಾಲು ಭಾಗ.

ಮೊದಲ ಹತ್ತು ನಿಮಿಷ ಹೊಸ ಪಾಠಕ್ಕೆ ಕೈ ಹಾಕಬೇಡಿ. ನಿನ್ನೆಯ ನೋಟ್‌ಬುಕ್ ಹಂಚಿ, ಮಕ್ಕಳು ತಮ್ಮ ತಪ್ಪನ್ನು ತಾವೇ ತಿದ್ದಲಿ. ತಿದ್ದಲು ಜಾಗ ಬೇಕಲ್ಲ, ಅದಕ್ಕೇ ಮೊದಲ ದಿನವೇ ಒಂದು ಕಟ್ಟಳೆ ಮಾಡಿಕೊಳ್ಳುವುದು ಒಳ್ಳೆಯದು: ಬರವಣಿಗೆ ಎಡಪುಟದಲ್ಲಿ, ಬಲಪುಟ ಖಾಲಿ. ತಿದ್ದಿದ ವಾಕ್ಯವನ್ನು ಬಲಪುಟದಲ್ಲಿ ಪೂರ್ತಿಯಾಗಿ ಬರೆಯಬೇಕು. ತಪ್ಪಿದ ಪದದ ಮೇಲೆ ಸರಿಯಾದ ಪದ ಗೀಚಿಬಿಟ್ಟರೆ ಕಣ್ಣಿಗೆ ತಪ್ಪೂ ಸರಿಯೂ ಒಟ್ಟಿಗೇ ಬೀಳುತ್ತವೆ, ಕೈಗೆ ಇಡೀ ವಾಕ್ಯದ ಅಭ್ಯಾಸ ಆಗುವುದಿಲ್ಲ.

ಆಮೇಲೆ ಉಕ್ತಲೇಖನ. ನಾಲ್ಕು ವಾಕ್ಯ, ಸುಮಾರು 50 ಪದ ಸಾಕು. ಮೂರು ಸಲ ಓದಿ. ಮೊದಲ ಸಲ ಸಹಜ ವೇಗದಲ್ಲಿ, ಮಕ್ಕಳ ಪೆನ್ನು ಕೆಳಗಿರಲಿ. ಎರಡನೆಯ ಸಲ ನಾಲ್ಕೈದು ಪದಗಳ ತುಂಡು ಮಾಡಿ ಓದಿ. ಪ್ರತಿ ತುಂಡಿನ ನಂತರ ಅದನ್ನೇ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಳ್ಳುವಷ್ಟು ಹೊತ್ತು ನಿಲ್ಲಿಸಿ. ಮೂರನೆಯ ಸಲ ಮತ್ತೆ ಸಹಜ ವೇಗ, ಸರಿ ನೋಡಿಕೊಳ್ಳಲು. ಮಕ್ಕಳಿಗೆ ಕಷ್ಟವಾದೀತೆಂದು ಒಂದೊಂದೇ ಪದ ಬಿಡಿಸಿ ಓದುವ ಶಿಕ್ಷಕರು ಬಹಳ. ಅದರಿಂದ ಉಪಕಾರಕ್ಕಿಂತ ಹಾನಿಯೇ ಹೆಚ್ಚು. ‘ಎ’, ‘ದ’, ‘ಆಫ್’, ‘ಟು’ ಇವೆಲ್ಲ ನಿಜವಾದ ಮಾತಿನಲ್ಲಿ ಅರ್ಧ ನುಂಗಿಹೋಗುವ ಪದಗಳು. ಬಿಡಿಬಿಡಿಯಾಗಿ ಕೇಳಿಸಿಕೊಂಡ ಮಗು ಆ ನುಂಗಿದ ರೂಪವನ್ನು ಗುರುತಿಸಲು ಕಲಿಯುವುದೇ ಇಲ್ಲ. ಉಕ್ತಲೇಖನದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಇವೇ, ಜೊತೆಗೆ ಕ್ರಿಯಾಪದದ ಕೊನೆಯ ‘ಇಡಿ’. ಬರೆದಾಗ ಎಲ್ಲ ಕಡೆ ಒಂದೇ ‘ಇಡಿ’, ನುಡಿದಾಗ ಮೂರು: ವಾಕ್‌ಗೆ ಸೇರಿದರೆ ‘ಟ್’ ಸದ್ದು, ಪ್ಲೇಗೆ ಸೇರಿದರೆ ‘ಡ್’, ವಾಂಟ್‌ಗೆ ಸೇರಿದರೆ ‘ಇಡ್’. ‘ವಾಕೆಡ್’ ಎಂದೇ ಉಚ್ಚರಿಸಿ ರೂಢಿಯಾದ ಕಿವಿಗೆ ‘ವಾಕ್ಟ್’ ಎಂಬುದು ಭೂತಕಾಲವಾಗಿ ಕೇಳಿಸುವುದಿಲ್ಲ. ಕಿವಿಗೆ ಸಿಗದ್ದನ್ನು ವ್ಯಾಕರಣದಿಂದ ತುಂಬಿಕೊಳ್ಳುವುದೇ ಉಕ್ತಲೇಖನದ ನಿಜವಾದ ಪಾಠ.

ಓದಿಗೆ 200ರಿಂದ 250 ಪದಗಳ ತುಣುಕು ಆರಿಸಿ. ನೂರು ಪದಕ್ಕೆ ಐದಕ್ಕಿಂತ ಹೆಚ್ಚು ಗೊತ್ತಿಲ್ಲದ ಪದ ಬಂದರೆ ಅದು ಓದಲ್ಲ, ನಿಘಂಟು ತಿರುವುವ ಕೆಲಸ. ಸಾಲಾಗಿ ಒಬ್ಬೊಬ್ಬರೇ ಎದ್ದು ಗಟ್ಟಿಯಾಗಿ ಓದುವ ಪದ್ಧತಿಯನ್ನು ಕೈಬಿಡಿ: ತನ್ನ ಸರದಿ ಬರುವವರೆಗೆ ಮಗು ತನ್ನ ಸಾಲನ್ನಷ್ಟೇ ಎಣಿಸುತ್ತ ಕೂತಿರುತ್ತದೆ. ಓದುವ ಮೊದಲೇ ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆದು, ಮೂರು ನಿಮಿಷ ಮೌನವಾಗಿ ಓದಿಸಿ. ಉತ್ತರದ ಜೊತೆ ಅದು ಎಷ್ಟನೇ ಸಾಲಿನಲ್ಲಿದೆ ಎಂದೂ ಹೇಳಬೇಕು. ಇದೊಂದು ಷರತ್ತು ಊಹೆಯ ಉತ್ತರಗಳನ್ನು ತಡೆಯುತ್ತದೆ. ಮಾರನೆಯ ದಿನ ಅದೇ ತುಣುಕಿನ ಮೊದಲ ವಾಕ್ಯವನ್ನು ಹಾಗೇ ಉಳಿಸಿ, ಮುಂದೆ ಪ್ರತಿ ಏಳನೆಯ ಪದ ಅಳಿಸಿ ತುಂಬಲು ಕೊಡಿ. ಕ್ಲೋಜ್ ಎಂಬ ಈ ವಿಧಾನವನ್ನು 1953ರಲ್ಲಿ ವಿಲ್ಸನ್ ಟೇಲರ್ ಮುಂದಿಟ್ಟದ್ದು ಒಂದು ಬರಹ ಎಷ್ಟು ಸುಲಭ ಎಂದು ಅಳೆಯಲು. ತರಗತಿಯಲ್ಲಿ ಅದು ಮಗು ನಿನ್ನೆ ನಿಜಕ್ಕೂ ಓದಿತೇ ಎಂಬುದನ್ನೂ ತೋರಿಸಿಕೊಡುತ್ತದೆ.

ಹೊಸ ಪದ ದಿನಕ್ಕೆ ಆರು, ಹೆಚ್ಚೆಂದರೆ ಎಂಟು. ಮಾರನೆಯ ದಿನ, ಮೂರನೆಯ ದಿನ, ವಾರದ ನಂತರ ಅವೇ ಪದಗಳು ಮತ್ತೆ ಬರಲಿ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿ ಜಾರುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ್ದ.

ಇನ್ನು ಬರವಣಿಗೆ. ದಿನಕ್ಕೆ 15 ನಿಮಿಷ, 60ರಿಂದ 80 ಪದ, ಒಂದೇ ಪ್ಯಾರಾ. ವಿಷಯ ಮಗುವಿಗೆ ಈಗಾಗಲೇ ಗೊತ್ತಿರುವುದಾಗಿರಲಿ. ಏನು ಬರೆಯಲಿ ಎಂಬ ಚಿಂತೆ ಮತ್ತು ಹೇಗೆ ಬರೆಯಲಿ ಎಂಬ ಚಿಂತೆ ಎರಡನ್ನೂ ಒಟ್ಟಿಗೆ ಹೊರಿಸಬಾರದು.

ತಿದ್ದುವಾಗ ಲೆಕ್ಕ ಹಾಕಿಕೊಳ್ಳಿ. 30 ಮಕ್ಕಳಿದ್ದಾರೆ. ಒಂದೊಂದು ನೋಟ್‌ಬುಕ್ಕಿಗೆ ನಾಲ್ಕು ನಿಮಿಷ ಹಿಡಿದರೆ ಎರಡು ಗಂಟೆ. ಮೂರನೆಯ ದಿನಕ್ಕೇ ಸೋತು ಸುಣ್ಣವಾಗುತ್ತೀರಿ. ಒಂದು ನಿಮಿಷ ಹಿಡಿದರೆ ಅರ್ಧ ಗಂಟೆ. ಆದ್ದರಿಂದ ಆ ದಿನ ಒಂದೇ ವಿಷಯ ತಿದ್ದಿ. ಇವತ್ತು ಕ್ರಿಯಾಪದದ ಕಾಲ ಎಂದರೆ ಅದಷ್ಟೇ. ಯಾವುದನ್ನು ತಿದ್ದುತ್ತೀರಿ ಎಂದು ಬರೆಯುವ ಮೊದಲೇ ಮಕ್ಕಳಿಗೆ ಹೇಳಿ. ಕೆಂಪು ಶಾಯಿ ಪುಟದ ತುಂಬ ಹರಿದರೆ ಮಗು ಯಾವುದನ್ನೂ ನೋಡುವುದಿಲ್ಲ.

ಒಂದು ಪ್ಯಾರಾ ನೋಡೋಣ: ‘ಯೆಸ್ಟರ್‌ಡೇ ಐ ಗೋ ಟು ಲೈಬ್ರರಿ. ಐ ಡಿಡ್ ನಾಟ್ ಗಾಟ್ ದ ಬುಕ್. ದೆನ್ ಐ ರಿಟರ್ನ್ ಬ್ಯಾಕ್ ಹೋಮ್.’ ಮೂರು ವಾಕ್ಯದಲ್ಲಿ ಐದು ತಪ್ಪು. ಇವತ್ತಿನ ವಿಷಯ ಕಾಲವಾದ್ದರಿಂದ ಮೂರೂ ಸಾಲಿನ ಅಂಚಿನಲ್ಲಿ ಒಂದೊಂದು ಚುಕ್ಕೆ ಇಡಿ, ಪದಕ್ಕೆ ಅಡಿಗೆರೆ ಬೇಡ. ಚುಕ್ಕೆ ಇರುವ ಸಾಲಿನಲ್ಲಿ ತಪ್ಪು ಎಲ್ಲಿದೆ ಎಂದು ಮಗುವೇ ಹುಡುಕಬೇಕು. ‘ಗೋ’ ಬದಲು ‘ವೆಂಟ್’, ‘ರಿಟರ್ನ್’ ಬದಲು ‘ರಿಟರ್ನ್ಡ್’ ಎಂದು ತಾನೇ ಕಂಡುಕೊಳ್ಳುತ್ತದೆ. ‘ಲೈಬ್ರರಿ’ಯ ಹಿಂದೆ ಬಿಟ್ಟುಹೋದ ‘ದ’, ‘ರಿಟರ್ನ್’ ಜೊತೆಗಿನ ಹೆಚ್ಚುವರಿ ‘ಬ್ಯಾಕ್’ ಇವು ಇನ್ನೊಂದು ದಿನಕ್ಕೆ.

ಸಿಕ್ಕಿಹಾಕಿಕೊಳ್ಳುವುದು ‘ಡಿಡ್ ನಾಟ್ ಗಾಟ್’ ಬಳಿ. ಭೂತಕಾಲದ ಮಾತು ತಾನೇ, ‘ಗಾಟ್’ ಏಕೆ ತಪ್ಪು ಎಂದು ಮಗು ಕೇಳುವುದು ನ್ಯಾಯವೇ. ಇಲ್ಲಿ ಕನ್ನಡವನ್ನೇ ಕರೆತನ್ನಿ. ‘ಹೋದೆ’ ಎಂಬುದನ್ನು ಅಲ್ಲಗಳೆಯುವಾಗ ‘ಹೋದಲಿಲ್ಲ’ ಎನ್ನುತ್ತೇವೆಯೇ? ‘ಹೋಗಲಿಲ್ಲ’ ಎನ್ನುತ್ತೇವೆ. ‘ಇಲ್ಲ’ ಬಂದು ಸೇರಿದ ಕೂಡಲೇ ‘ಹೋದ’ ಎಂಬ ಭೂತರೂಪ ಹಿಂದೆ ಸರಿಯುತ್ತದೆ. ಇಂಗ್ಲಿಷಿನಲ್ಲಿ ‘ಡಿಡ್’ ಆಗಲೇ ಕಾಲವನ್ನು ಹೊತ್ತುಕೊಂಡಿದೆ, ಮುಂದಿನ ಕ್ರಿಯಾಪದ ಮೂಲರೂಪದಲ್ಲೇ ಉಳಿಯುತ್ತದೆ: ‘ಡಿಡ್ ನಾಟ್ ಗೆಟ್’. ಇಂಗ್ಲಿಷ್ ತರಗತಿಯಲ್ಲಿ ತಾಯ್ನುಡಿ ಕೇಳಲೇಬಾರದು ಎನ್ನುವವರಿಗೆ ಈ ಎರಡು ನಿಮಿಷದ ಲಾಭ ಸಿಗುವುದಿಲ್ಲ. ‘ಎ’ ಮತ್ತು ‘ದ’ಗೂ ಇಂಥದೇ ದಾರಿಯಿದೆ. ಕಥೆ ಹೇಳುವಾಗ ಮೊದಲ ಸಲ ‘ಒಬ್ಬ ಹುಡುಗ’, ಎರಡನೆಯ ಸಲ ‘ಆ ಹುಡುಗ’ ಎನ್ನುತ್ತೇವಲ್ಲ, ಅಲ್ಲಿಂದ ಶುರು ಮಾಡಿ. ಹೋಲಿಕೆ ಎಲ್ಲ ಕಡೆಗೂ ಒಗ್ಗುವುದಿಲ್ಲ, ಮೊದಲ ಹೆಜ್ಜೆಗೆ ಸಾಕು.

ಮಾತಿನ ಅಭ್ಯಾಸಕ್ಕೆ ಒಂಬತ್ತು ನಿಮಿಷ ಸಾಕು. ಮಗು ಒಂದೇ ವಿಷಯವನ್ನು ಒಬ್ಬರಿಗೆ ನಾಲ್ಕು ನಿಮಿಷ, ಇನ್ನೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಎರಡು ನಿಮಿಷದಲ್ಲಿ ಹೇಳಲಿ. ಕೇಳಿದವರ ಸರದಿ ಮಾರನೆಯ ದಿನ. ಮೂರನೆಯ ಸಲ ತಡವರಿಕೆ ಕಡಿಮೆಯಾಗುವುದು ಅಲ್ಲೇ ಕಿವಿಗೆ ಬೀಳುತ್ತದೆ. ಈ ಹೊತ್ತಿನಲ್ಲಿ ತಪ್ಪು ತಿದ್ದಲು ಬಾಯಿ ಹಾಕಬೇಡಿ. ಗುರುತು ಮಾಡಿಕೊಂಡು ನಾಳೆಯ ಉಕ್ತಲೇಖನದಲ್ಲಿ ಸೇರಿಸಿ.

ಕೊನೆಯ ದಿನ ಹೊಸ ಪಾಠ ಇಟ್ಟುಕೊಳ್ಳಬೇಡಿ. ಮೊದಲ ದಿನ ಕೊಟ್ಟ ವಿಷಯವನ್ನೇ, ಹಳೆಯ ಪುಟ ತೋರಿಸದೆ, ಅದೇ 15 ನಿಮಿಷದಲ್ಲಿ ಮತ್ತೆ ಬರೆಸಿ. ಆಮೇಲೆ ಎರಡೂ ಪುಟ ಪಕ್ಕಪಕ್ಕ ಇಟ್ಟು ಮಕ್ಕಳೇ ಎಣಿಸಲಿ. ಬರಿ ತಪ್ಪುಗಳನ್ನು ಎಣಿಸಿದರೆ ಮೋಸ ಹೋಗುತ್ತಾರೆ. ಮೊದಲ ದಿನ 60 ಪದ, 9 ತಪ್ಪು. ಕೊನೆಯ ದಿನ 120 ಪದ, 12 ತಪ್ಪು ಎಂದಿರಲಿ. ತಪ್ಪು ಹೆಚ್ಚಿತೆಂದು ಮಗುವಿನ ಮುಖ ಬಾಡುತ್ತದೆ. ನೂರು ಪದಕ್ಕೆ ಎಷ್ಟು ಎಂದು ಅದರ ಕೈಯಲ್ಲೇ ಲೆಕ್ಕ ಮಾಡಿಸಿ: ಆಗ ಹದಿನೈದು, ಈಗ ಹತ್ತು.