ಜಿಪ್ಸಿಗೆ ಎರಡು ಇಂಚು ಲಿಫ್ಟ್ ಕಿಟ್: ಮನೆ ಅಂಗಳದಲ್ಲೇ ಹಾಕಿಕೊಳ್ಳಬಹುದಾ?

ಪ್ರಶ್ನೆ: ಗಂಗಾವತಿ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ಹಳೇ ಮಾರುತಿ ಜಿಪ್ಸಿ ಇದೆ. ಗದ್ದೆ ದಾರಿಗೂ ಅದೇ, ಗುಡ್ಡದ ದಾರಿಗೂ ಅದೇ. ಎರಡು ಇಂಚಿನ ಸಸ್ಪೆನ್ಷನ್ ಲಿಫ್ಟ್ ಕಿಟ್ ಹಾಕಿಸೋಣ ಅಂತಿದ್ದೇವೆ. ನಾನು, ನನ್ನ ತಮ್ಮ ಇಬ್ಬರಿಗೂ ಟ್ರ್ಯಾಕ್ಟರ್ ರಿಪೇರಿ ರೂಢಿ ಇದೆ. ಮನೆಯಲ್ಲೇ ಹಾಕಬಹುದಾ, ಗ್ಯಾರೇಜಿಗೇ ಕೊಡಬೇಕಾ?

ಉತ್ತರ: ನಿಮ್ಮದು ಜಿಪ್ಸಿ, ಅದೂ ಎರಡೇ ಇಂಚು. ಹಾಗಾಗಿ ಮನೆಯಲ್ಲೇ ಹಾಕಬಹುದು. ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿದ ಕೈಗೆ ಈ ನಟ್ಟು ಬೋಲ್ಟು ದೊಡ್ಡ ಮಾತಲ್ಲ. ಆದರೆ ಗಾಡಿ ಎತ್ತರ ಮಾಡುವುದು ಅರ್ಧ ಕೆಲಸ ಅಷ್ಟೇ. ಎತ್ತರವಾದ ಮೇಲೆ ಬ್ರೇಕ್ ಪೈಪು, ಆಕ್ಸಲ್‌ಗೆ ಇಂಜಿನ್ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಸ್ಟೀರಿಂಗ್ ಎಲ್ಲ ತಮ್ಮ ಜಾಗದಿಂದ ಸ್ವಲ್ಪ ಸ್ವಲ್ಪ ಸರಿಯುತ್ತವೆ. ಅವನ್ನು ಸರಿ ಮಾಡಿಕೊಳ್ಳುವುದು ಉಳಿದ ಅರ್ಧ. ಮನೆಯಲ್ಲಿ ಹಾಕಿಕೊಳ್ಳುವವರು ಬಿಟ್ಟುಬಿಡುವುದು ಇದನ್ನೇ.

ಎಲ್ಲ ಗಾಡಿಗೂ ಈ ಮಾತು ಹೊಂದುವುದಿಲ್ಲ. ಜಿಪ್ಸಿ, ಹಳೇ ಎಂಎಂ 540 ಜೀಪು, ಇವಕ್ಕೆ ನಾಲ್ಕೂ ಕಡೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಇರುತ್ತದೆ. ಬಿಚ್ಚುವುದು ಸುಲಭ. ಜಿಮ್ನಿಗೆ ಕಾಯಿಲ್ ಸ್ಪ್ರಿಂಗ್. ಆದರೂ ಹಿಂದೆ ಮುಂದೆ ಇಡೀ ಆಕ್ಸಲ್ ಇರುವುದರಿಂದ, ಶಾಕ್ (ಶಾಕ್ ಅಬ್ಸಾರ್ಬರ್) ಬಿಚ್ಚಿ ಆಕ್ಸಲ್ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. 2020ರಲ್ಲಿ ಬಂದ ಥಾರ್ ಹಾಗಲ್ಲ. ಅದರ ಮುಂದಿನ ಸ್ಪ್ರಿಂಗ್ ಶಾಕ್ ಮೇಲೆ ಬಿಗಿಯಾಗಿ ಒತ್ತಿಕೊಂಡು ಕೂತಿರುತ್ತದೆ. ಅದನ್ನು ಬಿಚ್ಚಲು ಸ್ಪ್ರಿಂಗ್ ಕಂಪ್ರೆಸರ್ ಬೇಕು. ಕೈ ತಪ್ಪಿ ಸಿಡಿದರೆ ಪ್ರಾಣಕ್ಕೇ ಕುತ್ತು. ಥಾರ್ ಇರುವವರು ಆ ಮುಂದಿನ ಭಾಗವನ್ನು ಗ್ಯಾರೇಜಿಗೇ ಕೊಡಿ.

ಕಿಟ್‌ಗೆ ದುಡ್ಡು ಕೊಡುವ ಮೊದಲು ಇನ್ನೊಂದು ವಿಷಯ. ನಿಮಗೆ ನಿಜಕ್ಕೂ ಲಿಫ್ಟ್ ಬೇಕಾ? ಜಿಪ್ಸಿಯಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು. ಲಿಫ್ಟ್ ಕಿಟ್ ಬಾಡಿಯನ್ನೂ ಚಾಸಿಯನ್ನೂ ಎತ್ತುತ್ತದೆ, ಆ ಗುಂಡನ್ನು ಒಂದು ಕೂದಲಷ್ಟೂ ಎತ್ತುವುದಿಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ. ಅದೂ ಟೈರಿನ ಒಟ್ಟು ಎತ್ತರ ಎರಡು ಇಂಚು ಹೆಚ್ಚಿದರೆ ಆಕ್ಸಲ್ ಏರುವುದು ಒಂದೇ ಇಂಚು.

ನಮ್ಮ ಕಡೆ ನೆಲ ಎರಡು ಥರ ಅಲ್ವಾ? ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಭತ್ತದ ಸೀಮೆ, ಸಿಂಧನೂರು, ರಾಯಚೂರು ಕಡೆಯ ಎರೆ ಹೊಲ ಒಂದು ಥರ. ಆನೆಗೊಂದಿ, ಕೊಪ್ಪಳ ಸುತ್ತಿನ ಬಂಡೆಗಲ್ಲು, ಸಂಡೂರಿನ ಗುಡ್ಡದ ದಾರಿ ಇನ್ನೊಂದು ಥರ. ಮಳೆ ಬಿದ್ದ ಎರೆಮಣ್ಣಿನಲ್ಲಿ ಗಾಡಿ ಹೂತರೆ ಅದಕ್ಕೆ ಕಾರಣ ಎತ್ತರ ಕಡಿಮೆ ಇರುವುದಲ್ಲ. ಮಣ್ಣು ಟೈರಿನ ಪಟ್ಟೆಗಳಲ್ಲಿ ತುಂಬಿಕೊಂಡು ಹಿಡಿತ ಹೋಗಿರುತ್ತದೆ. ಅಲ್ಲಿ ಒಳ್ಳೇ ಮಡ್ ಟೈರು, ಸ್ವಲ್ಪ ಗಾಳಿ ಇಳಿಸುವುದು ಇವೇ ಕೆಲಸ ಮಾಡುತ್ತವೆ. ಕಲ್ಲಿನ ದಾರಿ ಬೇರೆ. ದಿಬ್ಬ ಹತ್ತಿ ಇಳಿಯುವಾಗ ಹೊಟ್ಟೆ ತಗಲುತ್ತದೆ, ಬಂಪರ್ ಉಜ್ಜುತ್ತದೆ. ಅಲ್ಲಿ ಎರಡು ಇಂಚು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಓಡಾಟ ಹೆಚ್ಚು ಗದ್ದೆ ಕಡೆಯೇ ಆದರೆ ಮೊದಲು ಟೈರು ತಗೊಳ್ಳಿ ಅನ್ನುವುದು ನನ್ನ ಸಲಹೆ. ಇನ್ನೊಂದು ಮಾತು. ಲಿಫ್ಟ್ ಆಯಿತು ಅಂತ ಹಿರೇಬೆಣಕಲ್ ಗುಡ್ಡದಂಥ ಕಡೆ ಗಾಡಿ ಹತ್ತಿಸುವ ಆಸೆ ಬೇಡ. ಅಲ್ಲಿರುವುದು ಸಾವಿರಾರು ವರ್ಷ ಹಳೆಯ ಶಿಲಾ ಸಮಾಧಿಗಳು. ನಡೆದೇ ಹೋಗಿ ನೋಡಬೇಕಾದ ಜಾಗ ಅದು.

ಸರಿ, ಹಾಕುವುದೇ ಅಂತಾದರೆ ಮೊದಲು ನೆಲ ನೋಡಿ. ಎರೆಮಣ್ಣಿನ ಅಂಗಳ ಖಂಡಿತ ಬೇಡ. ಒಣಗಿದಾಗ ಗಟ್ಟಿ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ, ಜಾಕಿ ಒಂದು ಕಡೆ ವಾಲುತ್ತದೆ. ಪರಸಿ ಹಾಸಿದ ಅಂಗಳವನ್ನೂ ನಂಬಬೇಡಿ. ಶಹಾಬಾದಿ ಕಲ್ಲು ತೆಳು. ಕೆಳಗೆ ಮಣ್ಣು ಕುಸಿದಿದ್ದರೆ ಸ್ಟ್ಯಾಂಡಿನ ಕಾಲು ಊರಿದ ಕಡೆಯೇ ಟಪ್ ಅಂತ ಒಡೆಯುತ್ತದೆ. ಸಿಮೆಂಟ್ ಕಾಂಕ್ರೀಟ್ ನೆಲವೇ ಬೇಕು. ಹಳ್ಳಿಯಲ್ಲಿ ಭತ್ತ ಒಣಗಿಸುವ ಕಾಂಕ್ರೀಟ್ ಕಣ ಇದ್ದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಜಾಕಿ ಇರುವುದು ಎತ್ತಲಿಕ್ಕೆ ಮಾತ್ರ. ಗಾಡಿ ನಿಲ್ಲಬೇಕಾದ್ದು ಚಾಸಿ ಕೆಳಗಿಟ್ಟ ಎರಡು ಗಟ್ಟಿ ಸ್ಟ್ಯಾಂಡ್ ಮೇಲೆ. ಇಟ್ಟಿಗೆ, ಸೈಜುಗಲ್ಲು ಪೇರಿಸಿ ಕೆಳಗೆ ನುಗ್ಗಬೇಡಿ. ಬಿಚ್ಚಿದ ಗಾಲಿಯನ್ನು ಚಾಸಿ ಕೆಳಗೆ ಮಲಗಿಸಿಡಿ. ಏನಾದರೂ ಜಾರಿದರೂ ಪೂರ್ತಿ ಮೈಮೇಲೆ ಬರುವುದಿಲ್ಲ. ನೆಲದಲ್ಲಿ ನಿಂತ ಗಾಲಿಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಪಕ್ಕದಲ್ಲೇ ಇರಲಿ.

ಬಿಚ್ಚುವ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹಳೇ ಬೋಲ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಅದಿರಿನ ದಾರಿಯಲ್ಲಿ ಓಡಿದ ಗಾಡಿಯಾದರೆ ಮೊದಲು ತಂತಿ ಬ್ರಷ್‌ನಿಂದ ಕೆಂಧೂಳು ಉಜ್ಜಿ ತೆಗೆದು ಆಮೇಲೆ ಹೊಡೆಯಿರಿ. ಒಂದು ಸಲಕ್ಕೆ ಒಂದೇ ಆಕ್ಸಲ್, ಅದರಲ್ಲೂ ಒಂದೊಂದೇ ಬದಿ. ಆಕ್ಸಲ್ ಭಾರವನ್ನು ಇನ್ನೊಂದು ಜಾಕಿಗೆ ಕೊಟ್ಟು, ಆಮೇಲೆ ಪಟ್ಟಿಯನ್ನು ಆಕ್ಸಲ್‌ಗೆ ಕಟ್ಟಿ ಹಿಡಿಯುವ ಯು ಬೋಲ್ಟ್ ಬಿಚ್ಚಿ. ಹೊಸ ಪಟ್ಟಿ ಕೂರಿಸುವಾಗ ಅದರ ಸೆಂಟರ್ ಬೋಲ್ಟಿನ ತಲೆ ಆಕ್ಸಲ್‌ನ ತೂತಿನಲ್ಲೇ ಸರಿಯಾಗಿ ಕೂತಿದೆಯಾ ಅಂತ ಬ್ಯಾಟರಿ ಹಾಕಿ ನೋಡಿ. ಅದು ಸರಿದು ಕೂತರೆ ಆಕ್ಸಲ್ ಸೊಟ್ಟಗಾಗುತ್ತದೆ. ಹಳೇ ಯು ಬೋಲ್ಟ್ ಮತ್ತೆ ಹಾಕಬೇಡಿ. ಒಮ್ಮೆ ಬಿಗಿದಾಗಲೇ ಅವು ಎಳೆದುಕೊಂಡಿರುತ್ತವೆ.

ಈಗ ಬುಶ್ ವಿಚಾರ. ಪಟ್ಟಿಯ ಎರಡು ತುದಿಯ ರಬ್ಬರ್ ಬುಶ್‌ಗಳ ಬೋಲ್ಟನ್ನು ಆಕ್ಸಲ್ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬೇಡಿ. ಕೈಬಿಗಿ ಮಾಡಿ ಬಿಟ್ಟುಬಿಡಿ. ಗಾಲಿ ಹಾಕಿ, ಗಾಡಿಯನ್ನು ನೆಲಕ್ಕಿಳಿಸಿ, ಬಂಪರ್ ಮೇಲೆ ನಿಂತು ನಾಲ್ಕು ಸಲ ಕುಣಿಸಿ. ಪಟ್ಟಿ ತನ್ನ ಜಾಗಕ್ಕೆ ಬಂದ ಮೇಲೆ ಪಾನಾ ಹಾಕಿ ಬಿಗಿಯಿರಿ. ನೇತಾಡುವಾಗಲೇ ಬಿಗಿದರೆ ಗಾಡಿ ಇಳಿಸಿದ ಕೂಡಲೇ ಆ ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ, ಯಾವಾಗಲೂ ಹಾಗೇ ಉಳಿಯುತ್ತದೆ. ಸವಾರಿ ಗಡುಸಾಗುತ್ತದೆ, ಬುಶ್ ಬೇಗ ಹರಿಯುತ್ತದೆ. ಆಮೇಲೆ ಎಲ್ಲರೂ ಕಿಟ್ಟೇ ಸರಿಯಿಲ್ಲ ಅನ್ನುತ್ತಾರೆ.

ಬ್ರೇಕ್ ಪೈಪಿಗೆ ಇದಕ್ಕಿಂತ ಹೆಚ್ಚು ಗಮನ ಕೊಡಿ. ಕಿಟ್ ಜೊತೆ ಉದ್ದನೆಯ ಶಾಕ್ ಬಂದಿದ್ದರೆ ಗಾಲಿ ಮೊದಲಿಗಿಂತ ಹೆಚ್ಚು ಕೆಳಗೆ ಇಳಿಯುತ್ತದೆ. ಹಳೇ ರಬ್ಬರ್ ಪೈಪು ಅಷ್ಟು ಉದ್ದ ಇರಲಿಕ್ಕಿಲ್ಲ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆಕ್ಸಲ್ ಪೂರ್ತಿ ನೇತಾಡುವಂತೆ ನಿಧಾನಕ್ಕೆ ಇಳಿಸಿ. ಪೈಪಿನ ಮೇಲೆ ಕಣ್ಣಿರಲಿ. ಆಕ್ಸಲ್ ಪೂರ್ತಿ ಇಳಿದಾಗಲೂ ಪೈಪಿನಲ್ಲಿ ಸ್ವಲ್ಪ ಬಾಗು ಉಳಿದಿರಬೇಕು. ತಂತಿಯ ಹಾಗೆ ನೆಟ್ಟಗಾದರೆ ಅಲ್ಲೇ ನಿಲ್ಲಿಸಿ, ಉದ್ದನೆಯ ಪೈಪು ತಂದು ಹಾಕಿ. ಹೊಸ ಪೈಪು ಹಾಕಿದರೆ ಬ್ರೇಕಿನ ಗಾಳಿ ತೆಗೆಯಲೇಬೇಕು. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿಯೂ ನೋಡಿ, ಮುಂದಿನ ಪೈಪು ಎಳೆಯುವುದು, ಟೈರಿಗೆ ಉಜ್ಜುವುದು ಆಗ ಗೊತ್ತಾಗುತ್ತದೆ. ಆಕ್ಸಲ್‌ನ ಗಾಳಿ ಕೊಳವೆ, ಹ್ಯಾಂಡ್‌ಬ್ರೇಕ್ ಕೇಬಲ್ ಇವನ್ನೂ ಜೊತೆಗೇ ನೋಡಿಕೊಳ್ಳಿ.

ಪ್ರೊಪೆಲ್ಲರ್ ಶಾಫ್ಟಿನ ಲೆಕ್ಕ ಸರಳ. ಶಾಫ್ಟ್ ಗಿಡ್ಡವಾದಷ್ಟೂ ಅದರ ಓರೆ ಜಾಸ್ತಿ. ಎರಡು ಇಂಚು ಎತ್ತಿದರೆ 60 ಇಂಚಿನ ಶಾಫ್ಟಿಗೆ ಸುಮಾರು 2 ಡಿಗ್ರಿ ಓರೆ ಸೇರುತ್ತದೆ, 30 ಇಂಚಿನದಕ್ಕೆ ಸುಮಾರು 4 ಡಿಗ್ರಿ. ಹಾಕಿದ ಮೇಲೆ ಒಂದು ಸ್ಪೀಡಿನಲ್ಲಿ ಗಾಡಿ ಗುಂಯ್ ಅಂತ ನಡುಗಲು ಶುರುವಾದರೆ ಮೊದಲ ಅನುಮಾನ ಆ ಶಾಫ್ಟಿನ ತುದಿಯ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್ ಮೇಲೆ ಇರಲಿ. ಇನ್ನು ಸ್ಟೀರಿಂಗ್. ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ (ಗಾಲಿ ತಿರುಗುವ ಕೀಲು ಹಿಂದಕ್ಕೆ ವಾಲಿದ ಓರೆ) ಕಡಿಮೆಯಾದರೆ, ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಅತ್ತಿತ್ತ ಅಲೆಯುತ್ತದೆ. ಪಟ್ಟಿಗೂ ಆಕ್ಸಲ್‌ಗೂ ನಡುವೆ ಓರೆ ತುಂಡು ಕೊಟ್ಟು ಅದನ್ನು ಸರಿ ಮಾಡುತ್ತಾರೆ. ಅದಕ್ಕೆ ಅಳತೆ ಬೇಕು. ಹಾಗಾಗಿ ಮನೆಯಲ್ಲಿ ಹಾಕಿದರೂ ನೇರ ವೀಲ್ ಅಲೈನ್‌ಮೆಂಟಿಗೆ ಹೋಗಿ ಅಳೆಸಿ. ಅಲ್ಲಿಯವರೆಗೆ ಹೈವೇ ಹತ್ತಬೇಡಿ.

ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿಗೆ ಶಾಕಲ್ ಅನ್ನುತ್ತಾರೆ. ಉದ್ದನೆಯ ಶಾಕಲ್ ಹಾಕಿ ಅಗ್ಗಕ್ಕೆ ಎತ್ತರ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಶಾಕಲ್ ಇರುವುದು ಪಟ್ಟಿಯ ಒಂದೇ ತುದಿಗೆ, ಆಕ್ಸಲ್ ಇರುವುದು ನಡುವೆ. ಹಾಗಾಗಿ ಎರಡು ಇಂಚು ಉದ್ದ ಹೆಚ್ಚಿಸಿದರೂ ಗಾಡಿ ಏರುವುದು ಸುಮಾರು ಒಂದು ಇಂಚು. ಜೊತೆಗೆ ಕ್ಯಾಸ್ಟರ್ ಕೆಡುತ್ತದೆ. ನನಗೆ ಅದು ಇಷ್ಟವಿಲ್ಲ.

ಕಾನೂನಿನ ಮಾತನ್ನೂ ಹೇಳಲೇಬೇಕು. ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ಕಿಟ್ ತರುವ ಮೊದಲೇ ಕೊಪ್ಪಳದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೂ ಲಿಖಿತವಾಗಿ ತಿಳಿಸಿ. ಅವರು ಆಗುವುದಿಲ್ಲ ಅಂದರೆ ಟೈರಿನ ದಾರಿಯೇ ನಿಮಗೆ ಒಳ್ಳೇದು. ಆದರೆ ಅಲ್ಲೂ ಕಂಪನಿ ಹೇಳಿದ ಅಳತೆ ಮೀರಬೇಡಿ.

ಅನುಮತಿ ಸಿಕ್ಕು ಹಾಕಿದ್ದಾದರೆ, ಮೊದಲ ದಿನಗಳಲ್ಲಿ ತಿರುವಿನಲ್ಲಿ ನಿಧಾನ. ಗಾಡಿಯ ಭಾರ ಮೇಲಕ್ಕೆ ಹೋಗಿರುತ್ತದೆ, ಜಿಪ್ಸಿ ಮೊದಲೇ ಅಗಲ ಕಡಿಮೆಯ ಗಾಡಿ. ಸುಮಾರು 100 ಕಿಲೋಮೀಟರ್ ಆದ ಮೇಲೆ ಒಮ್ಮೆ, 500 ಆದ ಮೇಲೆ ಇನ್ನೊಮ್ಮೆ ಯು ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಅಡ್ಡಡ್ಡಕ್ಕೆ ಬಿಗಿಯಿರಿ. ಎಷ್ಟು ಬಿಗಿಯಬೇಕು ಅನ್ನುವುದು ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ. ಹೆಡ್‌ಲೈಟನ್ನೂ ಸ್ವಲ್ಪ ಕೆಳಗಿಳಿಸಿ. ಇಲ್ಲದಿದ್ದರೆ ರಾತ್ರಿ ಎದುರು ಬರುವ ಬೈಕಿನವರ ಕಣ್ಣಿಗೇ ಬೆಳಕು ಹೊಡೆಯುತ್ತದೆ.