‘ಮುಕ್ತ ಆಕರ’: ಎಐ ಸುದ್ದಿಗಳಲ್ಲಿ ಸವೆದುಹೋಗುತ್ತಿರುವ ಪದ

ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾದ ಲಾಮಾ ಮುಕ್ತ ಆಕರದ (ಓಪನ್ ಸೋರ್ಸ್) ಎಐ ಮಾದರಿ, ಚೀನಾದ ಡೀಪ್‌ಸೀಕ್ ಮುಕ್ತ ಆಕರದ ಮಾದರಿ, ಆದ್ದರಿಂದ ಎಐ ಈಗ ಕೆಲವೇ ಕಂಪನಿಗಳ ಸೊತ್ತಲ್ಲ ಎಂಬ ಮಾತನ್ನು ಓದಿ ಓದಿ ಸಾಕಾಗಿದೆ. ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ, ವಿಚಾರಗೋಷ್ಠಿಗಳಲ್ಲಿ, ವಿದ್ಯಾರ್ಥಿಗಳ ಪ್ರಬಂಧಗಳಲ್ಲೂ ಅದೇ. ಮಾತಿನ ಮೊದಲ ಭಾಗ ತಪ್ಪು. ಅದರ ಮೇಲೆ ಕಟ್ಟಿದ ‘ಆದ್ದರಿಂದ’ ಇನ್ನೂ ದೊಡ್ಡ ತಪ್ಪು.

ಆಕರ ಎಂದರೆ ಗಣಿ. ಸಮುದ್ರ ರತ್ನಾಕರವಾದದ್ದು ಅದು ರತ್ನಗಳ ಗಣಿ ಎಂಬ ಕಾರಣಕ್ಕೆ. (ದಿವಾಕರ, ಪ್ರಭಾಕರಗಳಲ್ಲಿರುವುದು ಬೇರೆ, ಅಲ್ಲಿ ‘ಕರ’ ಎಂದರೆ ಮಾಡುವವನು.) ಸಂಶೋಧಕರು ಶಾಸನ, ಹಸ್ತಪ್ರತಿಗಳನ್ನು ಆಕರ ಎನ್ನುವುದೂ ಇದೇ ಅರ್ಥದಲ್ಲಿ: ತೀರ್ಮಾನವನ್ನು ಎಲ್ಲಿಂದ ಅಗೆದು ತೆಗೆದರೋ ಆ ಜಾಗ. ಅನುಮಾನ ಬಂದವರು ಅಲ್ಲಿಗೇ ಹೋಗಿ ತಾಳೆ ನೋಡಬಹುದು. ತಂತ್ರಾಂಶದ ‘ಸೋರ್ಸ್’ಗೆ, ಅಂದರೆ ಅದನ್ನು ಕಟ್ಟಿದ ಮೂಲ ಕೋಡಿಗೆ, ಈ ಪದವನ್ನು ಆರಿಸಿದವರು ವಿಷಯದ ತಿರುಳನ್ನೇ ಹಿಡಿದಿದ್ದಾರೆ.

ಮುಕ್ತ ಎಂಬುದು ಬಿಡಿಸು ಎಂಬರ್ಥದ ‘ಮುಚ್’ ಧಾತುವಿನಿಂದ ಬಂದದ್ದು. ಮೋಕ್ಷ, ವಿಮೋಚನೆ, ಋಣಮುಕ್ತ ಎಲ್ಲವೂ ಅದೇ ಕುಲದವು. ದುಡ್ಡು ಕೊಡಬೇಕಿಲ್ಲ ಎಂಬ ಅರ್ಥ ಇದಕ್ಕೆ ಎಂದೂ ಇರಲಿಲ್ಲ. ಅದಕ್ಕೆ ನಮ್ಮಲ್ಲಿ ಬಿಟ್ಟಿ, ಪುಕ್ಕಟೆ, ಉಚಿತ ಇವೆ (ಉಚಿತದ ಮೂಲ ಅರ್ಥ ‘ತಕ್ಕದ್ದು’ ಎಂಬುದು ಬೇರೆ ಕಥೆ). ಇಂಗ್ಲಿಷಿನವರಿಗೆ ‘ಫ್ರೀ’ ಎಂಬ ಒಂದೇ ಪದ ಎರಡೂ ಅರ್ಥ ಹೊತ್ತು ಗೊಂದಲವಾಗುತ್ತಿತ್ತು. ಅದನ್ನು ತಪ್ಪಿಸಲೆಂದೇ 1998ರಲ್ಲಿ ಅಮೆರಿಕದ ತಂತ್ರಜ್ಞಾನ ಚಿಂತಕಿ ಕ್ರಿಸ್ಟೀನ್ ಪೀಟರ್ಸನ್ ‘ಓಪನ್ ಸೋರ್ಸ್’ ಎಂಬ ಹೆಸರು ಸೂಚಿಸಿದರು. ಕನ್ನಡಕ್ಕೆ ಆ ತೊಡಕು ಇರಲೇ ಇಲ್ಲ. ಇಲ್ಲದ ಗೊಂದಲವನ್ನು ನಾವಾಗಿ ತಂದುಕೊಂಡು, ಪುಕ್ಕಟೆ ಸಿಕ್ಕಿದ್ದನ್ನೆಲ್ಲ ಮುಕ್ತ ಎನ್ನುತ್ತಿದ್ದೇವೆ.

ಎಐ ಮಾದರಿಯ ಆಕರ ಯಾವುದು? ಅದನ್ನು ಯಾವ ಪಠ್ಯದಿಂದ ಕಲಿಸಿದರೋ ಆ ದತ್ತಾಂಶ, ಕಲಿಸಿದ ಪ್ರೋಗ್ರಾಂ, ಏನನ್ನು ಸೋಸಿ ಎಸೆದರು ಎಂಬ ವಿವರ. ಇಷ್ಟೂ ಮುಗಿದ ಮೇಲೆ ಉಳಿಯುವ ಕೋಟಿಗಟ್ಟಲೆ ಸಂಖ್ಯೆಗಳಿಗೆ ‘ವೇಟ್‌’ಗಳು ಎನ್ನುತ್ತಾರೆ. ಕಂಪನಿಗಳು ಡೌನ್‌ಲೋಡ್ ಮಾಡಿಕೊಳ್ಳಿ ಎಂದು ಕೊಡುತ್ತಿರುವುದು ಇವನ್ನು. ಗಣಿಯಿಂದ ಬಂದ ಅಪರಂಜಿಯನ್ನು ಕೈಗಿತ್ತು ಗಣಿಯ ಬಾಗಿಲಿಗೆ ಬೀಗ ಹಾಕಿದಂತೆ. ಅಪರಂಜಿ ಉಪಯೋಗಕ್ಕೆ ಬರುತ್ತದೆ, ಸಂದೇಹವಿಲ್ಲ. ಆದರೆ ಅದನ್ನು ಆಕರ ಎನ್ನಲಾಗದು.

ಲಾಮಾದಲ್ಲಿ ‘ಮುಕ್ತ’ ಎಂಬ ಅರ್ಧವೂ ನಿಲ್ಲುವುದಿಲ್ಲ. 2023ರ ಜುಲೈನಲ್ಲಿ ಬಂದ ಲಾಮಾ 2ರ ಪರವಾನಗಿಯನ್ನು ಓದಿ. ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿದ್ದ ಕಂಪನಿ ಮೆಟಾದ ಬಳಿ ಪ್ರತ್ಯೇಕ ಅನುಮತಿ ಕೇಳಬೇಕು. ಕೊಡುವುದು ಬಿಡುವುದು ಮೆಟಾದ ಇಚ್ಛೆ. ಅಷ್ಟು ಬಳಕೆದಾರರಿರುವುದು ಮೆಟಾಗೆ ಪೈಪೋಟಿ ಕೊಡಬಲ್ಲವರಿಗೆ ಮಾತ್ರ. ಲಾಮಾ ಕೊಟ್ಟ ಉತ್ತರಗಳನ್ನು ಬಳಸಿ ಬೇರೆ ಭಾಷಾ ಮಾದರಿಯನ್ನು ಸುಧಾರಿಸುವಂತಿಲ್ಲ ಎಂಬ ಷರತ್ತೂ ಅದರಲ್ಲಿತ್ತು. 3.1ರಲ್ಲಿ ಅದನ್ನು ಸಡಿಲಿಸಿದರು, ಆದರೆ ಹಾಗೆ ತಯಾರಾದ ಮಾದರಿಯ ಹೆಸರು ‘ಲಾಮಾ’ ಎಂದೇ ಶುರುವಾಗಬೇಕು ಎಂದರು. 3.2ರ ಚಿತ್ರ ಓದಬಲ್ಲ ಮಾದರಿಗಳ ಹಕ್ಕನ್ನು ಐರೋಪ್ಯ ಒಕ್ಕೂಟದಲ್ಲಿ ನೆಲೆಸಿರುವವರಿಗೆ ಕೊಡಲೇ ಇಲ್ಲ. ಯಾರು, ಯಾವ ಕೆಲಸಕ್ಕೆ ಎಂದು ಭೇದ ಮಾಡಬಾರದು ಎಂಬುದು ಮುಕ್ತ ಆಕರದ ವ್ಯಾಖ್ಯೆಯಲ್ಲೇ ಇದೆ.

ಡೀಪ್‌ಸೀಕ್‌ನ ಆರ್1 ಇದಕ್ಕಿಂತ ಉದಾರ, ಒಪ್ಪುತ್ತೇನೆ. 2025ರ ಜನವರಿಯಲ್ಲಿ ಬಂದ ಅದಕ್ಕೆ, ಯಾರು ಬೇಕಾದರೂ ಬಳಸಲು, ಬದಲಿಸಲು, ಹಂಚಲು ಬಿಡುವ ಎಂಐಟಿ ಪರವಾನಗಿ ಇದೆ. ಅಂದರೆ ಅದು ನಿಜಕ್ಕೂ ಮುಕ್ತ. ಆದರೆ ಯಾವ ಪಠ್ಯದಿಂದ ಕಲಿಸಿದರು ಎಂಬುದನ್ನು ಹೊರಗೆ ಬಿಟ್ಟಿಲ್ಲವಾದ್ದರಿಂದ ಆಕರವಿಲ್ಲ.

ಆಕರ ಕಾಣದಿದ್ದರೆ ನಮಗೇನು ನಷ್ಟ ಎಂದು ಕೇಳುವವರು ಲಾಮಾ 2ರ ಜೊತೆ ಬಂದ ಪ್ರಬಂಧವನ್ನು ತೆರೆಯಲಿ. ತರಬೇತಿಗೆ ಬಳಸಿದ ಪಠ್ಯದಲ್ಲಿ ಯಾವ ಭಾಷೆ ಎಷ್ಟು ಎಂಬ ಪಟ್ಟಿ ಅಲ್ಲಿದೆ. ಇಂಗ್ಲಿಷ್ ಶೇ 89.7. ಶೇ 0.005 ದಾಟಿದ ಭಾಷೆಗಳನ್ನೆಲ್ಲ ಹೆಸರಿಸಿದ ಆ ಪಟ್ಟಿಯಲ್ಲಿ ಕನ್ನಡವಿಲ್ಲ, ಹಿಂದಿಯೂ ಇಲ್ಲ. ಇದ್ದ ಚೂರುಪಾರು ಕನ್ನಡ ಯಾವುದು? ಕಥೆಯೋ, ಜಾಹೀರಾತೋ, ಯಂತ್ರಾನುವಾದದ ಕಸವೋ? ಪಠ್ಯ ಬಯಲಾಗಿಲ್ಲವಾದ್ದರಿಂದ ನೋಡುವ ದಾರಿಯೇ ಇಲ್ಲ. ಲಾಮಾ 2ರ ಮೇಲೆ ಕನ್ನಡದ ಮಾದರಿ ಕಟ್ಟಲು ಹೊರಟವರು ಕನ್ನಡದ ಪದತುಣುಕುಗಳನ್ನು (ಮಾದರಿ ಪಠ್ಯವನ್ನು ಒಡೆದು ಓದುವ ಚೂರುಗಳನ್ನು) ತಾವೇ ಸೇರಿಸಿ, ತಾವೇ ಪಠ್ಯ ಉಣಿಸಿ ಕಲಿಸಬೇಕಾಯಿತು. ಅಷ್ಟು ದುಡಿದರೂ ಅಡಿಪಾಯದಲ್ಲಿ ಏನಿದೆ ಎಂಬುದನ್ನು ತೀರ್ಮಾನಿಸಿದ್ದು ಮೆಟಾ.

‘ಆದ್ದರಿಂದ’ ಇನ್ನೂ ದೊಡ್ಡ ತಪ್ಪು ಎಂದದ್ದು ಇದಕ್ಕೇ: ಹಿಡಿತ ಕೆಲವೇ ಕಂಪನಿಗಳಲ್ಲೇ ಉಳಿದಿದೆ. ಕೊಡುವುದೂ ಅವರ ನಿರ್ಧಾರ, ನಿಲ್ಲಿಸುವುದೂ ಅವರ ನಿರ್ಧಾರ. ಮುಕ್ತ ಆಕರದ ಎಐಯೇ ಮುಂದಿನ ದಾರಿ ಎಂದು ಮೆಟಾದ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ 2024ರ ಜುಲೈನಲ್ಲಿ ಬಹಿರಂಗ ಪತ್ರ ಬರೆದರು. ಒಂದು ವರ್ಷದ ಬಳಿಕ, ಯಾವುದನ್ನು ಮುಕ್ತವಾಗಿಸಬೇಕೆಂಬ ಬಗ್ಗೆ ಎಚ್ಚರ ವಹಿಸಬೇಕಾಗುತ್ತದೆ ಎಂದು ಅವರೇ ಬರೆದರು. ಹೆಸರಲ್ಲೇ ‘ಓಪನ್’ ಇರುವ, ಚಾಟ್‌ಜಿಪಿಟಿಯ ಓಪನ್ ಎಐ 2015ರಲ್ಲಿ ಲಾಭರಹಿತ ಸಂಸ್ಥೆಯಾಗಿ ಹುಟ್ಟಿತು. 2023ರ ಜಿಪಿಟಿ-4ರ ವರದಿಯಲ್ಲಿ ಪೈಪೋಟಿ ಮತ್ತು ಸುರಕ್ಷತೆಯ ಕಾರಣ ಕೊಟ್ಟು ಮಾದರಿಯ ಗಾತ್ರವನ್ನೂ ಹೇಳಲಿಲ್ಲ.

ಪರವಾನಗಿ ಅಪ್ಪಟ ಮುಕ್ತವಾಗಿದ್ದರೂ ಹಿಡಿತ ಉಳಿಯಬಲ್ಲದು. ಆಂಡ್ರಾಯ್ಡ್‌ನ ಮೂಲ ಕೋಡನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆದರೆ ಫೋನಿನಲ್ಲಿ ಪ್ಲೇ ಸ್ಟೋರ್ ಬೇಕಿದ್ದ ತಯಾರಕರು, ಆಂಡ್ರಾಯ್ಡ್‌ನ ಬೇರೆ ರೂಪಗಳನ್ನು ಬಳಸುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು. ಇಂಥ ಷರತ್ತುಗಳಿಗಾಗಿಯೇ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ₹1,337.76 ಕೋಟಿ ದಂಡ ವಿಧಿಸಿತು.

ಈ ಹೆಸರಿಗೆ ಈಗ ಕಾನೂನಿನ ಬೆಲೆಯೂ ಬಂದಿದೆ. ಐರೋಪ್ಯ ಒಕ್ಕೂಟದ ಎಐ ಕಾಯ್ದೆ, ಮುಕ್ತ ಪರವಾನಗಿಯ ಮಾದರಿಗಳಿಗೆ ಕೆಲವು ದಾಖಲೆ ಒದಗಿಸುವ ಹೊಣೆಯಿಂದ ವಿನಾಯಿತಿ ಕೊಡುತ್ತದೆ. ಪದವನ್ನು ಸಡಿಲವಾಗಿ ಬಳಸುವುದರಿಂದ ಯಾರಿಗೆ ಅನುಕೂಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮುಕ್ತ ಆಕರದ ವ್ಯಾಖ್ಯೆಯನ್ನು ಕಾಯುವ ಸಂಸ್ಥೆ ಓಪನ್ ಸೋರ್ಸ್ ಇನಿಷಿಯೇಟಿವ್ 2024ರ ಅಕ್ಟೋಬರ್‌ನಲ್ಲಿ ಎಐಗೆಂದೇ ಒಂದು ವ್ಯಾಖ್ಯೆ ಹೊರಡಿಸಿತು. ಅದೂ ದತ್ತಾಂಶದ ವಿವರ ಕೇಳುತ್ತದೆಯೇ ಹೊರತು ಇಡೀ ದತ್ತಾಂಶವನ್ನೇ ಕೊಡಿ ಎನ್ನುವುದಿಲ್ಲ. ನನ್ನ ಪ್ರಕಾರ ಅದು ಅನಗತ್ಯ ರಿಯಾಯಿತಿ.

ಹೆಸರಿಗೆ ತಕ್ಕ ಮಾದರಿಗಳು ಇಲ್ಲದಿಲ್ಲ. ಅಮೆರಿಕದ ಅಲೆನ್ ಸಂಸ್ಥೆ 2024ರಲ್ಲಿ ಓಲ್ಮೊ ಮಾದರಿಯ ವೇಟ್‌ಗಳ ಜೊತೆಗೆ ಕೋಡನ್ನೂ ‘ಡೋಲ್ಮಾ’ ಎಂಬ ತರಬೇತಿ ಪಠ್ಯವನ್ನೂ ಬಿಡುಗಡೆ ಮಾಡಿತು. ಎಲ್ಯೂಥರ್ ಎಐನ ಪಿಥಿಯಾ ಕೂಡ ಹಾಗೆಯೇ. ಕನ್ನಡವನ್ನೂ ಸೇರಿಸಿ 46 ಭಾಷೆಗಳಲ್ಲಿ ಕಲಿತ ಬ್ಲೂಮ್‌ನ ಪಠ್ಯಮೂಲಗಳ ಪಟ್ಟಿ ಬಯಲಲ್ಲಿದೆ, ಆದರೆ ಪರವಾನಗಿಯಲ್ಲಿ ಬಳಕೆಯ ನಿರ್ಬಂಧಗಳಿವೆ. ಅದನ್ನು ಹಾಗೆಂದೇ ಬರೆಯಬೇಕು. ಲಾಮಾ, ಡೀಪ್‌ಸೀಕ್‌ಗಳಿಗೆ ‘ವೇಟ್‌ಗಳು ಮಾತ್ರ ಲಭ್ಯ’ ಎಂದರೆ ಸಾಕು. ಲಾಮಾದ ಮಟ್ಟಿಗೆ ‘ಷರತ್ತಿನ ಮೇಲೆ’ ಎಂಬುದನ್ನೂ ಸೇರಿಸಿ.